ಹಡಗು ಹತ್ತುವ ಮುನ್ನ

ಮೈಸೂರಿಗೆ ಬರುವ ಪ್ರವಾಸಿಗಳ ಪಟ್ಟಿಯಲ್ಲಿ ಅರಮನೆ ಇರುತ್ತದೆ, ಮೃಗಾಲಯ ಇರುತ್ತದೆ, ಚಾಮುಂಡಿ ಬೆಟ್ಟವೂ ಕೃಷ್ಣರಾಜಸಾಗರವೂ ಇರುತ್ತವೆ. ರಾಜೀವನಗರ ಇರುವುದಿಲ್ಲ. ನಗರದ ಈಶಾನ್ಯ ದಿಕ್ಕಿನಲ್ಲಿ ಒಂದನೆಯ ಹಂತ, ಎರಡನೆಯ ಹಂತ, ಮೂರನೆಯ ಹಂತ ಎಂದು ಹರಡಿಕೊಂಡಿರುವ ಈ ಬಡಾವಣೆಯಲ್ಲಿ ನೋಡತಕ್ಕ ಸ್ಥಳವೆಂದು ಹೇಳಿಕೊಳ್ಳುವಂಥದು ಏನೂ ಇಲ್ಲ. ವಾಸಿಸತಕ್ಕ ಸ್ಥಳವೆಂದು ಹೇಳಿಕೊಳ್ಳಲು ಬೇಕಾದಷ್ಟಿದೆ. ನಸುಕಿನಲ್ಲಿ ಮಸೀದಿಯ ಬಾಂಗು ಕೇಳಿ ಎಚ್ಚರವಾಗುತ್ತದೆ. ಅದರ ಬೆನ್ನಿಗೇ ಹಾಲಿನ ಬೂತಿನ ಮುಂದೆ ಕ್ರೇಟುಗಳನ್ನು ಇಳಿಸುವ ಸದ್ದು. ನಾವು ಲಿಂಗಪೂಜೆ ಮುಗಿಸಿ ಏಳುವ ವೇಳೆಗೆ ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು. ಮಾಳಿಗೆ ಹತ್ತಿ ನಿಂತರೆ ದಕ್ಷಿಣಕ್ಕೆ ಚಾಮುಂಡಿ ಬೆಟ್ಟ ಕಾಣುತ್ತದೆ. ಮಳೆಗಾಲದಲ್ಲಿ ಮೋಡ ಅದರ ಅರ್ಧದವರೆಗೆ ಇಳಿದಿರುತ್ತದೆ.

ಪ್ರೌಢಶಾಲೆಯ ಶಿಕ್ಷಕನಾಗಿ ನಿವೃತ್ತನಾದ ನಾನು ಈ ಬೀದಿಯಲ್ಲಿ ಮನೆ ಕಟ್ಟಿಕೊಂಡು ಬಹಳ ವರ್ಷಗಳಾದವು. ನಮ್ಮ ಎದುರು ಮನೆಯ ಹಿರಿಯರನ್ನು ಬೀದಿಯವರೆಲ್ಲ ಸಾಹೇಬರು ಎನ್ನುತ್ತೇವೆ. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಮನೆಯ ರಂಜಾನ್ ಖರ್ಜೂರ ನಮಗೂ, ನಮ್ಮ ಮನೆಯ ಸಂಕ್ರಾಂತಿಯ ಎಳ್ಳು-ಬೆಲ್ಲ ಅವರಿಗೂ ಸಲ್ಲುವುದು ವಾಡಿಕೆಯಾಗಿ ಹೋಗಿದೆ. ಈ ವಾಡಿಕೆಯೇ ಮುಂದೆ ನನ್ನನ್ನು ಎಂಥ ಇಕ್ಕಟ್ಟಿಗೆ ಸಿಲುಕಿಸಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಪಟ್ಟಿಯಲ್ಲಿದ್ದ ಷರತ್ತು

ಮೈಸೂರಿನವರಿಗೆ ನೀರೆಂದರೆ ಕಾವೇರಿ. ಹೆಚ್ಚೆಂದರೆ ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ. ನನ್ನ ಮಡದಿ ಸಮುದ್ರವನ್ನು ನೋಡಿದ್ದು ಎರಡೇ ಸಲ, ಎರಡೂ ಸಲ ದಡದಲ್ಲಿ ನಿಂತು. ನಮ್ಮ ಮದುವೆಯ ನಲವತ್ತನೆಯ ವರ್ಷಕ್ಕೆ ಪುಣೆಯಲ್ಲಿರುವ ಮಗ ಏನು ಬೇಕೆಂದು ಕೇಳಿದಾಗ ಆಕೆ, "ಒಂದು ರಾತ್ರಿ ಸಮುದ್ರದ ನಡುವೆ ಇರಬೇಕು, ಸುತ್ತ ದಡವೇ ಕಾಣಬಾರದು" ಎಂದಳು. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಪ್ರವಾಸಿ ಹಡಗಿನ ಸಂಚಾರ ಆರಂಭವಾಗಿತ್ತು. ಆ ನವೆಂಬರಿನಲ್ಲಿ ಸೋಂಕು ತಗ್ಗಿ, ಜನ ಉಸಿರಾಡುತ್ತಿದ್ದ ಕಾಲ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ನಾವಿಬ್ಬರು, ಚಿತ್ರದುರ್ಗದಿಂದ ಬೀಗರು-ಬೀಗಿತ್ತಿ, ಹೀಗೆ ಎಂಟು ಜನರಿಗೆ ಜನವರಿಯ ಟಿಕೆಟ್ಟು ಕಾದಿರಿಸಲಾಯಿತು. ಸಂಕ್ರಾಂತಿಯ ಸುಗ್ಗಿ ಮುಗಿಸಿ ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಮುಂಬಯಿ ಬಂದರಿನಲ್ಲಿ ಹಾಜರಿರಬೇಕು.

ಟಿಕೆಟ್ಟಿನ ಜೊತೆಗೆ ಬಂದ ಸೂಚನೆಗಳಲ್ಲಿ ಉಡುಪು, ಔಷಧಿ, ಗುರುತಿನ ಚೀಟಿಗಳ ಮಾತಿನ ನಡುವೆ ಎರಡು ಷರತ್ತುಗಳಿದ್ದವು. ದೊಡ್ಡವರು ಲಸಿಕೆಯ ಎರಡೂ ಡೋಸು ಪಡೆದ ಪ್ರಮಾಣಪತ್ರ ತರಬೇಕು. ಲಸಿಕೆ ಪಡೆದವರೂ ಸೇರಿ ಎಲ್ಲರೂ ಹಡಗು ಹತ್ತುವ ಮುನ್ನಿನ 48 ಗಂಟೆಗಳ ಒಳಗೆ ಮಾಡಿಸಿದ ಆರ್‌ಟಿ-ಪಿಸಿಆರ್ ಪರೀಕ್ಷೆಯ ನೆಗೆಟಿವ್ ವರದಿ ತರಬೇಕು.

ಇಂಥ ವರದಿ ಮೈಸೂರಿನವರಿಗೆ ಹೊಸದಾಗಿರಲಿಲ್ಲ. 2021ರ ಫೆಬ್ರವರಿಯಿಂದಲೇ ಕೇರಳದಿಂದ ಬರುವವರು 72 ಗಂಟೆಯೊಳಗಿನ ವರದಿ ತೋರಿಸಬೇಕೆಂದು ನಮ್ಮ ಸರ್ಕಾರ ನಿಯಮ ಮಾಡಿತ್ತು. ಮಂಗಳೂರಿನ ಬಳಿ ತಲಪಾಡಿಯಲ್ಲಿ, ಕೊಡಗಿನ ಮಾಕುಟ್ಟದಲ್ಲಿ, ನಮ್ಮದೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಬಾವಲಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೆವು. ಕಾಸರಗೋಡಿನಿಂದ ಮಂಗಳೂರಿಗೆ ಓದಲು, ದುಡಿಯಲು, ಆಸ್ಪತ್ರೆಗೆಂದು ದಿನವೂ ಬರುವ ಕನ್ನಡಿಗರು ಪಟ್ಟ ಪಾಡೂ ತಿಳಿದಿತ್ತು. ಹೊಟ್ಟೆಪಾಡಿಗಾಗಿ ಗಡಿ ದಾಟುವವರೇ ಅಷ್ಟು ಕಷ್ಟಪಟ್ಟಿರುವಾಗ ವಿಹಾರಕ್ಕೆ ಹೊರಟ ನಾವು ಒಂದು ಪರೀಕ್ಷೆಗೆ ಗೊಣಗುವುದು ಸಲ್ಲದೆಂದುಕೊಂಡೆವು.

ಆದರೆ ಕಾಲ ಬದಲಾಯಿತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ನಮ್ಮ ಕರ್ನಾಟಕದಲ್ಲಿಯೇ ಪತ್ತೆಯಾದುದನ್ನು ಪ್ರಕಟಿಸಿದರು. ಡಿಸೆಂಬರ್ 28ರಿಂದ ರಾತ್ರಿಯ ಕರ್ಫ್ಯೂ ಬಂದಿತು. ಜನವರಿ 7ರಿಂದ ವಾರಾಂತ್ಯದ ಕರ್ಫ್ಯೂ. ಈ ನಡುವೆ ಜನವರಿ 3ರಂದು ಬಂದ ಸುದ್ದಿ ನಮ್ಮ ಮನೆಯ ಉತ್ಸಾಹಕ್ಕೆ ತಣ್ಣೀರೆರಚಿತು. ಹೊಸ ವರ್ಷವನ್ನು ಆಚರಿಸಲು ಮುಂಬಯಿಯಿಂದ ಗೋವಾಕ್ಕೆ ಹೋಗಿದ್ದ ಕಾರ್ಡೇಲಿಯಾ ಎಂಬ ಹಡಗಿನಲ್ಲಿ ಸುಮಾರು 2,000 ಜನರಿದ್ದು, 66 ಜನರಿಗೆ ಸೋಂಕು ತಗುಲಿರುವುದು ಪರೀಕ್ಷೆಯಿಂದ ತಿಳಿದಿತ್ತು. ಹಡಗು ಮರ್ಮಗೋವಾ ಬಂದರಿನಲ್ಲಿ ನಿಂತು, ಅನಂತರ ಮುಂಬಯಿಗೆ ಮರಳಿತು.

ನಲವತ್ತೆಂಟು ಗಂಟೆಗಳ ಲೆಕ್ಕ

ಆ ದಿನದಿಂದ ದೂರವಾಣಿಯಲ್ಲಿ ನಮಗೆ ಬೇರೆ ಮಾತೇ ಇರಲಿಲ್ಲ. 48 ಗಂಟೆಯನ್ನು ಎಲ್ಲಿಂದ ಎಣಿಸಬೇಕು? ವರದಿ ಕೈಗೆ ಬಂದ ಹೊತ್ತಿನಿಂದಲೋ, ಗಂಟಲ ದ್ರವ ಕೊಟ್ಟ ಹೊತ್ತಿನಿಂದಲೋ? ದ್ರವ ಕೊಟ್ಟ ಹೊತ್ತಿನಿಂದಲೇ ಎಂದು ಮಗ ವಿಚಾರಿಸಿ ತಿಳಿಸಿದ. ಹಾಗಾದರೆ ಸೋಮವಾರ ಮೂರು ಗಂಟೆಯ ಹಡಗಿಗೆ ಶನಿವಾರ ಮೂರು ಗಂಟೆಯ ಮೇಲೆಯೇ ಮಾದರಿ ಕೊಡಬೇಕು. ವರದಿ ಭಾನುವಾರ ಬೆಳಿಗ್ಗೆ ಬರಬೇಕು. ಭಾನುವಾರ ಮಧ್ಯಾಹ್ನ ಮೈಸೂರು ಬಿಟ್ಟು, ಕರ್ಫ್ಯೂವಿನಲ್ಲಿ ಪೊಲೀಸರಿಗೆ ವಿಮಾನದ ಟಿಕೆಟ್ಟು ತೋರಿಸುತ್ತ ಬೆಂಗಳೂರು ವಿಮಾನ ನಿಲ್ದಾಣ ಸೇರಬೇಕು. ವರದಿ ಆರು ಗಂಟೆ ತಡವಾದರೆ ವಿಮಾನ ತಪ್ಪುತ್ತದೆ. ಒಂದು ಗಂಟೆ ಮೊದಲೇ ಮಾದರಿ ಕೊಟ್ಟರೆ ಹಡಗು ತಪ್ಪುತ್ತದೆ. ಎಂಟು ಜನರಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ಉಳಿದ ಏಳು ಜನ ಏನು ಮಾಡಬೇಕು? ಹಡಗಿನಲ್ಲಿ ಹೋದ ಮೇಲೆ ಬಂದರೆ? ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಮರಳುವವರಿಗೂ ಆಗ 72 ಗಂಟೆಯ ವರದಿ ಬೇಕಾಗಿತ್ತು; ಅದನ್ನು ಎಲ್ಲಿ ಮಾಡಿಸುವುದು? ಗಣಿತದ ಪಾಠ ಮಾಡಿದ ನನಗೇ ಈ ಲೆಕ್ಕ ರಾತ್ರಿ ನಿದ್ರೆ ಕೆಡಿಸಿತು.

ಈಗ ಹಿಂದಿರುಗಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಆ ಹದಿನೈದು ದಿನ ನಮ್ಮನ್ನು ಕಾಡಿದ್ದು ರೋಗದ ಭಯವಲ್ಲ, ವರದಿಯ ಭಯ. ಕಾಯಿಲೆ ಬಂದೀತೆಂದು ಯಾರೂ ಹೆದರಲಿಲ್ಲ. ಕಾಯಿಲೆ ಇರುವುದು ತಿಳಿದೀತೆಂದು ಎಲ್ಲರೂ ಹೆದರಿದ್ದೆವು.

ಯೊಕೊಹಾಮಾದ ಪಾಠ

ಹಡಗುಗಳ ವಿಷಯದಲ್ಲಿ ಮಾತ್ರ ಇಷ್ಟು ಬಿಗಿ ಏಕೆಂದು ತಿಳಿಯಲು ಹಿಂದಿನದನ್ನು ಸ್ವಲ್ಪ ನೆನೆಯಬೇಕು. ರೋಗ ಹಡಗಿನಲ್ಲಿ ಬರುತ್ತದೆಂಬುದು ಬಂದರುಗಳ ಹಳೆಯ ಅನುಭವ. ಆಡ್ರಿಯಾಟಿಕ್ ಕಡಲಿನ ರಗೂಸಾ ಎಂಬ ಬಂದರು 1377ರಲ್ಲಿಯೇ ರೋಗಪೀಡಿತ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗೆ ನಿಲ್ಲಿಸುವ ಕಟ್ಟಳೆ ಮಾಡಿತು. ಮುಂದೆ ಅದು ನಲವತ್ತು ದಿನವಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕಿರುವ ಮಾತಿನಿಂದಲೇ ಕ್ವಾರಂಟೈನ್ ಎಂಬ ಶಬ್ದ ಹುಟ್ಟಿತು. ನಮ್ಮ ನಾಡಿಗೂ ಇದು ದೂರದ ಕಥೆಯಲ್ಲ. 1896ರಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹತ್ತಿ ಹುಬ್ಬಳ್ಳಿ-ಧಾರವಾಡಕ್ಕೆ, 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿತು, ಮೈಸೂರನ್ನೂ ಬಿಡಲಿಲ್ಲ. 1903ರಲ್ಲಿ ಮೈಸೂರು ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಗಿ, ಇಕ್ಕಟ್ಟಾದ ಕೇರಿಗಳ ಜಾಗದಲ್ಲಿ ಅಗಲವಾದ ಬೀದಿಗಳೂ ಹೊಸ ಬಡಾವಣೆಗಳೂ ಆದದ್ದು ಆ ಪ್ಲೇಗಿನ ಪಾಠದಿಂದಲೇ. ನಾವು ಇಂದು ಹೆಮ್ಮೆಯಿಂದ ತೋರಿಸುವ ವಿಶಾಲ ಮೈಸೂರಿಗೆ ಒಂದು ಸಾಂಕ್ರಾಮಿಕವೂ ಕಾರಣ.

ಕೋವಿಡ್ ಕಾಲದಲ್ಲಿ ಜಗತ್ತಿಗೆ ಆ ಪಾಠವನ್ನು ಮತ್ತೆ ಹೇಳಿಕೊಟ್ಟದ್ದು ಡೈಮಂಡ್ ಪ್ರಿನ್ಸೆಸ್ ಎಂಬ ಹಡಗು. 2020ರ ಫೆಬ್ರವರಿ 3ರಂದು ಅದು ಜಪಾನಿನ ಯೊಕೊಹಾಮಾಕ್ಕೆ ಬಂದು ನಿಂತಾಗ ಅದರಲ್ಲಿ 3,711 ಜನರಿದ್ದರು. ಮೊದಲೇ ಹಾಂಗ್‌ಕಾಂಗಿನಲ್ಲಿ ಇಳಿದು ಹೋಗಿದ್ದ ಒಬ್ಬ ಪ್ರಯಾಣಿಕನಿಗೆ ಸೋಂಕು ಇತ್ತೆಂದು ತಿಳಿದದ್ದರಿಂದ ಎಲ್ಲರನ್ನೂ ಹಡಗಿನಲ್ಲಿಯೇ ಉಳಿಸಿದರು. ಕಡೆಗೆ ಸೋಂಕು ತಗುಲಿದವರು 712 ಜನ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಪರೀಕ್ಷೆಯ ಹೊತ್ತಿನಲ್ಲಿ ಕೆಮ್ಮೂ ಇರಲಿಲ್ಲ, ಜ್ವರವೂ ಇರಲಿಲ್ಲ. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಜನ ಅಡಿಗೆ, ಬಡಿಸಾಟ, ಕೊಠಡಿಯ ಕೆಲಸಗಳನ್ನು ಮಾಡುವ ಸಿಬ್ಬಂದಿ. ನಮ್ಮ ಕಾರವಾರದ ಯುವಕನೊಬ್ಬನೂ ಅವರಲ್ಲಿದ್ದ. ಪ್ರಯಾಣಿಕರು ಕೊಠಡಿಯ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಅವರಿಗೆ ಊಟ ತಲಪಿಸಲು ಓಡಾಡುತ್ತಿದ್ದವರು ಇವರೇ. ಫೆಬ್ರವರಿ 27ರಂದು 119 ಭಾರತೀಯರನ್ನು ವಿಮಾನದಲ್ಲಿ ದೆಹಲಿಗೆ ಕರೆತಂದು ಮಾನೇಸರದಲ್ಲಿ ಪ್ರತ್ಯೇಕವಾಗಿ ಇರಿಸಿದರು. ಇದಾದ ಮರು ತಿಂಗಳೇ ನವಮಂಗಳೂರು ಬಂದರಿಗೆ ಬರಲಿದ್ದ ಎಂಎಸ್‌ಸಿ ಲಿರಿಕಾ ಎಂಬ ವಿದೇಶಿ ಪ್ರವಾಸಿ ಹಡಗಿಗೆ ಪ್ರವೇಶ ದೊರೆಯಲಿಲ್ಲ.

ಪರೀಕ್ಷೆಯೂ ದೋಷರಹಿತವಲ್ಲ. 2020ರ ಡಿಸೆಂಬರಿನಲ್ಲಿ ಸಿಂಗಪುರದಿಂದ ಹೊರಟು ಯಾವ ಊರನ್ನೂ ಮುಟ್ಟದೆ ಮರಳುವ ವಿಹಾರಕ್ಕೆಂದು ಹೋಗಿದ್ದ ಕ್ವಾಂಟಮ್ ಆಫ್ ದ ಸೀಸ್ ಎಂಬ ಹಡಗಿನಲ್ಲಿ 83 ವರ್ಷದ ವೃದ್ಧರೊಬ್ಬರಿಗೆ ಪಾಸಿಟಿವ್ ಬಂದಿತು. ವಿಹಾರ ನಿಲ್ಲಿಸಿ ಹಡಗನ್ನು ಹಿಂದಕ್ಕೆ ತಂದರು. ಪ್ರಯಾಣಿಕರು ಗಂಟೆಗಟ್ಟಲೆ ಕೊಠಡಿಗಳಲ್ಲಿ ಕುಳಿತರು. ದಡದಲ್ಲಿ ಮತ್ತೆ ಪರೀಕ್ಷಿಸಿದಾಗ ಆ ವೃದ್ಧರಿಗೆ ಸೋಂಕೇ ಇರಲಿಲ್ಲ! ಇದನ್ನು ಓದಿದ್ದ ನಾನು, ಪರೀಕ್ಷೆಯೇ ಹೀಗಿರುವಾಗ ಅದನ್ನು ಅಷ್ಟಾಗಿ ನಂಬಬೇಕೇ ಎಂದು ಮನಸ್ಸಿನಲ್ಲಿಯೇ ಒಂದು ವಾದ ಹೂಡಿಟ್ಟುಕೊಂಡಿದ್ದೆ. ಬೇಕಾದಾಗ ಬಳಸಿಕೊಳ್ಳಬಹುದಲ್ಲವೇ?

ಗಂಟಲಿನ ಕೆರೆತ

ಬುಧವಾರ ಸಂಜೆ ನನ್ನ ಗಂಟಲಿನಲ್ಲಿ ಸಣ್ಣ ಕೆರೆತ ಕಾಣಿಸಿತು. ಯಾರಿಗೂ ಹೇಳಲಿಲ್ಲ. ಅವರೆಕಾಯಿಯ ಕಾಲ, ಚಳಿಗಾಳಿ, ಎಳ್ಳು ಹುರಿದ ಹೊಗೆ ಎಂದು ನನಗೆ ನಾನೇ ಕಾರಣ ಹೇಳಿಕೊಂಡು, ಮೆಣಸು-ಲವಂಗ ಬಾಯಲ್ಲಿ ಹಾಕಿಕೊಂಡು ಮಲಗಿದೆ. ಗುರುವಾರ ಔಷಧಿ ಅಂಗಡಿಯಿಂದ ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವ ಒಂದು ಕಿಟ್ ತಂದು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನೋಡಿದೆ. ಹದಿನೈದು ನಿಮಿಷ ಕಾದರೂ ಒಂದೇ ಗೆರೆ. ನೆಗೆಟಿವ್! ಹಿಗ್ಗಿನಿಂದ ಅದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ಸೇರಿಸಿದೆ.

ಕಿಟ್ಟಿನ ಜೊತೆಗಿದ್ದ ಕಾಗದದಲ್ಲಿ ಇನ್ನೊಂದು ಮಾತೂ ಇತ್ತು. ರೋಗಲಕ್ಷಣವಿದ್ದು ಈ ಪರೀಕ್ಷೆಯಲ್ಲಿ ನೆಗೆಟಿವ್ ಬಂದವರು ಆರ್‌ಟಿ-ಪಿಸಿಆರ್ ಮಾಡಿಸಿಯೇ ಖಚಿತಪಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಸೋಂಕಿತರಂತೆಯೇ ಪ್ರತ್ಯೇಕವಾಗಿರಬೇಕು ಎಂದು. ಮನೆಯ ಕಿಟ್ಟು ವೈರಾಣುವಿನ ಪ್ರೋಟೀನನ್ನು ಹುಡುಕುತ್ತದೆ. ಅದು ಸಾಕಷ್ಟು ಇಲ್ಲದಿದ್ದರೆ ಗೆರೆ ಮೂಡುವುದಿಲ್ಲ. ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಾಣುವಿನ ಆನುವಂಶಿಕ ದ್ರವ್ಯವನ್ನು ಹಿಡಿದು, ಒಂದನ್ನು ಎರಡು, ಎರಡನ್ನು ನಾಲ್ಕು ಎಂದು ಸುತ್ತು ಸುತ್ತಾಗಿ ಹೆಚ್ಚಿಸಿ ನೋಡುತ್ತದೆ. ಹಾಗಾಗಿ ಅತಿ ಸ್ವಲ್ಪವಿದ್ದರೂ ಅದಕ್ಕೆ ಸಿಕ್ಕುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಅರ್ಧ ಓದಿ ಬರೆದ ಉತ್ತರಕ್ಕೆ ಕೆಂಪು ಗೆರೆ ಎಳೆದ ನಾನು, ಆ ಕಾಗದವನ್ನು ಅರ್ಧಕ್ಕೇ ಮಡಿಸಿಟ್ಟೆ.

ಶನಿವಾರ ಕರ್ಫ್ಯೂ ಇದ್ದುದರಿಂದ ಎಳ್ಳು-ಬೆಲ್ಲವನ್ನು ಶುಕ್ರವಾರ ಸಂಜೆಯೇ ಹಂಚಿ ಮುಗಿಸಬೇಕಾಗಿತ್ತು. ಎಳ್ಳು ಬೀರುವುದು ಹೆಣ್ಣುಮಕ್ಕಳ ಕೆಲಸವಾದರೂ ನನ್ನ ಹಿರಿಯ ಗೆಳೆಯರ ಮನೆಗಳಿಗೆ ನಾನೂ ಜೊತೆಯಲ್ಲಿ ಹೋಗುವುದುಂಟು. ಒಂಬತ್ತು ಮನೆಗೆ ಹೋದೆವು. ಸಾಹೇಬರ ಮನೆಯಲ್ಲಿ ಕುಳಿತು ಚಹಾ ಕುಡಿಯುವಾಗ ಮುಖಗವಸನ್ನು ಗಲ್ಲಕ್ಕೆ ಇಳಿಸಿದೆ. ಹಡಗಿನ ಮಾತು ಬಂದು ಅರ್ಧ ಗಂಟೆ ಕಳೆಯಿತು.

ಅಲ್ಲಿಂದ ಮರಳಿದ ರಾತ್ರಿ ಕೆಮ್ಮು ಬಂದಿತು. ಹೆಂಡತಿಯಿಂದ ಇನ್ನು ಮುಚ್ಚಿಡಲಾಗಲಿಲ್ಲ. ಬುಧವಾರದಿಂದ ನಡೆದುದನ್ನೆಲ್ಲ ಹೇಳಿದೆ. ಪರಿಚಿತರೊಬ್ಬರು, ಮಾದರಿ ಕೊಡದೆಯೇ ವರದಿ ತರಿಸಿಕೊಡುವವರಿದ್ದಾರೆ ಎಂದು ಪಿಸುಗುಟ್ಟಿದ್ದನ್ನೂ ಹೇಳಿದೆ. ಅದನ್ನು ಏಕೆ ಹೇಳಿದೆನೆಂದು ನನಗೇ ತಿಳಿಯದು. ಬೇಡವೆನ್ನಲೆಂದೋ, ಒಪ್ಪಲೆಂದೋ? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬೀಗಿತ್ತಿಗೆ ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಸಕ್ಕರೆ ಕಾಯಿಲೆ ಬೇರೆ. ಅವರ ಪಕ್ಕದಲ್ಲಿ ಕೂತು ಮೂರು ದಿನ ಊಟ ಮಾಡಬೇಕಲ್ಲರೀ ನಾವು? ಅವರಿಗೇನಾದರೂ ಆದರೆ ಆ ಸಮುದ್ರ ನಮಗೆ ದಕ್ಕುತ್ತದೆಯೇ?" ಎಂದಳು. ಆಮೇಲೆ, "ನಾಳೆ ಮಾದರಿ ಕೊಡೋಣ. ಏನು ಬರುತ್ತದೋ ಬರಲಿ" ಎಂದು ದೀಪ ಆರಿಸಿದಳು. ಸಮುದ್ರ ಆಕೆಯ ಆಸೆಯಾಗಿತ್ತು, ನನ್ನದಲ್ಲ. ಬಿಟ್ಟುಕೊಟ್ಟವಳೂ ಆಕೆಯೇ.

ಒಂಬತ್ತು ಕರೆಗಳು

ಶನಿವಾರ ಮೂರೂವರೆಗೆ ಪ್ರಯೋಗಾಲಯದ ಹುಡುಗ ಮನೆಗೇ ಬಂದು, ಮೂಗು-ಗಂಟಲುಗಳಿಂದ ದ್ರವ ತೆಗೆದುಕೊಂಡು ಹೋದ. ಭಾನುವಾರ ಹನ್ನೊಂದಕ್ಕೆ ವರದಿ ಬಂದಿತು. ಮಡದಿಗೆ ನೆಗೆಟಿವ್. ನನಗೆ ಪಾಸಿಟಿವ್.

ಮಗನಿಗೆ ತಿಳಿಸಿದೆ. ಮೊಮ್ಮಗಳು ಅತ್ತದ್ದು ದೂರವಾಣಿಯಲ್ಲಿ ಕೇಳಿಸಿತು. ಯಾರೊಬ್ಬರೂ ಹೋಗುವುದು ಬೇಡವೆಂದು ಅವರೇ ನಿರ್ಧರಿಸಿದರು. ಹಣದಲ್ಲಿ ಸ್ವಲ್ಪ ಮರಳಿತು, ಸ್ವಲ್ಪ ಹೋಯಿತು. ಅದೆಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ಮುಗಿಯದೆ ಉಳಿದದ್ದು ಆ ಒಂಬತ್ತು ಮನೆ.

ಅಂದಿನ ನಿಯಮದಂತೆ ನನಗೆ ಏಳು ದಿನ ಮನೆಯಲ್ಲಿಯೇ ಪ್ರತ್ಯೇಕವಾಸ. ಮಾಳಿಗೆಯ ಕೋಣೆಗೆ ಹೋಗಿ ಕುಳಿತು ಒಂದೊಂದೇ ಸಂಖ್ಯೆ ಒತ್ತತೊಡಗಿದೆ. "ನಿನ್ನೆ ಮೊನ್ನೆ ಎಳ್ಳು ಕೊಡಲು ಬಂದಿದ್ದೆನಲ್ಲ..." ಎಂದು ಆರಂಭಿಸಬೇಕು. ಗಂಟಲು ಕೆರೆಯುತ್ತಿದ್ದದ್ದು ಬುಧವಾರದಿಂದಲೇ ಎಂಬುದನ್ನು ಹೇಳಬೇಕೋ ಬೇಡವೋ? ಮೊದಲ ಎರಡು ಮನೆಗಳಿಗೆ ಹೇಳಲಿಲ್ಲ. ಮೂರನೆಯದರಿಂದ ಹೇಳಿದೆ; ಆಮೇಲೆ ಮೊದಲ ಎರಡಕ್ಕೂ ಮತ್ತೆ ಕರೆ ಮಾಡಿ ಹೇಳಿದೆ. ಒಬ್ಬರು ಸಮಾಧಾನ ಹೇಳಿದರು. ಒಬ್ಬರು, "ಗೊತ್ತಿದ್ದೂ ಬಂದಿರಾ ಮೇಷ್ಟ್ರೇ? ಮನೆಯಲ್ಲಿ ಬಾಣಂತಿ ಇದ್ದಾಳೆ" ಎಂದು ಕರೆ ಕತ್ತರಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಸಾಹೇಬರ ಮನೆಗೆ ಕೊನೆಯಲ್ಲಿ ಮಾಡಿದೆ. ಅವರಿಗೆ ಆಗ ಎಪ್ಪತ್ತೆಂಟು. ಕೇಳಿದ ಮೇಲೆ ಅವರು, "ನೀವು ಹೇಗಿದ್ದೀರಿ ಮೇಷ್ಟ್ರೇ? ಉಸಿರಾಟ ಸರಿಯಾಗಿದೆಯಾ?" ಎಂದರು. ಸೋಂಕಿತರ ಸಂಪರ್ಕಕ್ಕೆ ಬಂದವರೆಲ್ಲ ಪರೀಕ್ಷೆ ಮಾಡಿಸಬೇಕಾಗಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಜನವರಿ 10ರಂದೇ ತಿಳಿಸಿತ್ತು. ಆದರೆ ಅರವತ್ತು ದಾಟಿದವರಿಗೆ, ಬೇರೆ ಕಾಯಿಲೆ ಇರುವವರಿಗೆ ಬೇಕೇ ಬೇಕಾಗಿತ್ತು. ಸಾಹೇಬರ ಮಗ ತಂದೆಯ ಮಾದರಿ ಕೊಡಿಸಿದ. ವರದಿ ಬರುವವರೆಗೆ ನಾನು ಪಟ್ಟ ಸಂಕಟವನ್ನು ಹೇಳಲಾರೆ. ಮಾಳಿಗೆಯ ಕಿಟಕಿಯಿಂದ ಅವರ ಮನೆಯ ಬಾಗಿಲನ್ನೇ ನೋಡುತ್ತಿದ್ದೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು 97, 98 ಎಂದು ನನ್ನ ಅಂಕಿ ಬರೆಯುವಾಗ ಅವರ ಅಂಕಿ ಎಷ್ಟಿರಬಹುದೆಂದು ಯೋಚಿಸುತ್ತಿದ್ದೆ. ಹಡಗಿನ ನೆನಪು ಆ ದಿನಗಳಲ್ಲಿ ಒಮ್ಮೆಯೂ ಬರಲಿಲ್ಲ.

ಅವರಿಗೆ ನೆಗೆಟಿವ್ ಬಂದಿತು. ಬಾಣಂತಿಯ ಮನೆಯಲ್ಲಿಯೂ ಯಾರಿಗೂ ಏನೂ ಆಗಲಿಲ್ಲ. ಒಂದು ಮನೆಯಲ್ಲಿ ಇಬ್ಬರಿಗೆ ಜ್ವರ ಬಂದು ವಾರದಲ್ಲಿ ಗುಣವಾಯಿತು. ಅದು ನನ್ನಿಂದಲೇ ಬಂದಿತೋ, ಬೇರೆ ಕಡೆಯಿಂದ ಬಂದಿತೋ, ಆಗ ಊರಿನಲ್ಲೆಲ್ಲ ಹರಡಿದ್ದ ಸೋಂಕಿನಲ್ಲಿ ಹೇಳುವವರು ಯಾರು? ಅವರು ನನ್ನನ್ನು ದೂರಲಿಲ್ಲ. ನಾನು ನನ್ನನ್ನು ಬಿಡುಗಡೆ ಮಾಡಿಕೊಂಡೂ ಇಲ್ಲ.

ಏಳನೆಯ ದಿನ ಸಾಹೇಬರು ಬೀದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಮಾಳಿಗೆಯಲ್ಲಿದ್ದ ನನ್ನೊಡನೆ ಮಾತಾಡಿದರು. ಯೌವನದಲ್ಲಿ ತಾಯಿಯನ್ನು ಕರೆದುಕೊಂಡು ಮುಂಬಯಿಯಿಂದ ಹಡಗಿನಲ್ಲಿ ಹಜ್‌ಗೆ ಹೋದದ್ದನ್ನು ಆ ದಿನವೇ ಮೊದಲು ಹೇಳಿದ್ದು. 1995ರವರೆಗೂ ನಮ್ಮ ದೇಶದ ಯಾತ್ರಿಗಳು ಹಡಗಿನಲ್ಲಿ ಜೆಡ್ಡಾಕ್ಕೆ ಹೋಗುತ್ತಿದ್ದುದುಂಟು. ಆಗಲೂ ಸಿಡುಬಿಗೆ, ಕಾಲರಾಕ್ಕೆ ಚುಚ್ಚುಮದ್ದು ಹಾಕಿಸಿಕೊಂಡ ಪತ್ರವಿಲ್ಲದೆ ಹಡಗು ಹತ್ತಿಸುತ್ತಿರಲಿಲ್ಲವಂತೆ. "ನಮ್ಮ ಜೊತೆಯ ಒಬ್ಬ ಮುದುಕ, ಹಳ್ಳಿಯವನು, ಜೀವಮಾನದ ದುಡ್ಡು ಕೂಡಿಸಿ ಬಂದಿದ್ದ. ಹೊರಡುವ ದಿನ ಜ್ವರ. ಡಾಕ್ಟರಿಗೆ ಗೊತ್ತಾಗಿರಲಿಲ್ಲ, ಮೇಷ್ಟ್ರೇ. ತಾನೇ ಹೋಗಿ ಹೇಳಿದ. ಉಳಿದುಬಿಟ್ಟ" ಎಂದರು. ಆಮೇಲೆ ಅವನು ಹೋದನೇ ಎಂದು ಕೇಳಿದೆ. "ನಾವು ಬರುವಷ್ಟರಲ್ಲಿ ಊರಿಗೆ ಹೋಗಿದ್ದ. ಮುಂದೆ ಗೊತ್ತಿಲ್ಲ" ಎಂದರು. ನನ್ನನ್ನು ಚುಚ್ಚಲೆಂದು ಅವರು ಹೇಳಲಿಲ್ಲ. ಆದರೂ ಆ ಹೆಸರು ತಿಳಿಯದ ಮುದುಕ ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದ್ದಾನೆ.

ಕೊನೆಗೂ ಸಮುದ್ರ

ಕಾಲ ಸರಿಯಿತು. 2022ರ ನವೆಂಬರ್ 28ರಂದು ಯೂರೋಪಾ 2 ಎಂಬ ಪ್ರವಾಸಿ ಹಡಗು ನವಮಂಗಳೂರು ಬಂದರಿಗೆ ಬಂದಿತು. ಎರಡೂವರೆ ವರ್ಷಗಳ ಹಿಂದೆ ಬಾಗಿಲು ಹಾಕಿದ್ದ ಬಂದರು ಮತ್ತೆ ವಿದೇಶಿ ಪ್ರವಾಸಿಗಳನ್ನು ಬರಮಾಡಿಕೊಂಡಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿದುದನ್ನು ಘೋಷಿಸಿತು. ಮರು ವರ್ಷದ ಚಳಿಗಾಲದಲ್ಲಿ ನಾವು ಎಂಟೂ ಜನ ಮುಂಬಯಿಯ ಬ್ಯಾಲಾರ್ಡ್ ಪಿಯರ್ ಬಂದರುಕಟ್ಟೆಯಲ್ಲಿ ಸಾಲು ನಿಂತೆವು. ಗುರುತಿನ ಚೀಟಿ ನೋಡಿದರು. ಆರೋಗ್ಯದ ಬಗ್ಗೆ ಒಂದು ನಮೂನೆಗೆ ಸಹಿ ಮಾಡಿಸಿಕೊಂಡರು. ಪರೀಕ್ಷೆಯ ವರದಿ ಕೇಳುವವರಿರಲಿಲ್ಲ.

ಹಡಗೆಂದರೆ ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡದ್ದು ವಿಶಾಲವಾದ ಗಾಳಿ-ಬೆಳಕು. ಒಳಗೆ ಹೋದ ಮೇಲೆ ಕಂಡದ್ದು ಬೇರೆ. ಕೊಠಡಿಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದ ಓಣಿ. ಹತ್ತು ಜನ ಒತ್ತಿಕೊಂಡು ನಿಲ್ಲುವ ಲಿಫ್ಟು. ಒಂದೇ ಸೌಟನ್ನು ನೂರಾರು ಕೈಗಳು ಹಿಡಿಯುವ ಊಟದ ಸಾಲು. ಹಗಲಿರುಳು ಮುಗುಳ್ನಗುತ್ತ ಬಡಿಸುವ ಹುಡುಗರು. ಯೊಕೊಹಾಮಾದಲ್ಲಿ ಕೊಠಡಿಯಿಂದ ಕೊಠಡಿಗೆ ಊಟ ಹೊತ್ತವರು ಇಂಥವರೇ. ಇವರಿಗೆ ಇಳಿದು ಹೋಗಲು ದಡವಿಲ್ಲ. ಎರಡು ವರ್ಷದ ಹಿಂದೆ ಆ 48 ಗಂಟೆಯ ಕಾಗದವನ್ನು ಯಾರಿಗಾಗಿ ಕೇಳಿದ್ದರೆಂಬುದು ಆ ಓಣಿಯಲ್ಲಿ ನಿಂತಾಗ ನನಗೆ ಪೂರ್ತಿಯಾಗಿ ತಿಳಿಯಿತು. ನಾನು ಅದನ್ನು ನನಗೆ ಒಡ್ಡಿದ ಅಡ್ಡಿಯೆಂದೇ ಬಗೆದಿದ್ದೆ.

ರಾತ್ರಿ ಹತ್ತರ ಹೊತ್ತಿಗೆ ಕೊಂಕಣ ತೀರದ ದೀಪಗಳು ಒಂದೊಂದಾಗಿ ಮರೆಯಾದವು. ಮೇಲಟ್ಟದಲ್ಲಿ ಗಾಳಿ ಬಲವಾಗಿತ್ತು. ಬೀಗಿತ್ತಿ ಶಾಲು ಹೊದ್ದುಕೊಂಡು ಬಂದು ನನ್ನ ಮಡದಿಯ ಪಕ್ಕದಲ್ಲಿ ಕುಳಿತರು. ಸುತ್ತ ಕತ್ತಲೆ, ನೀರಿನ ಸದ್ದು, ಹಡಗಿನ ಬೆಳಕು ಬಿದ್ದಷ್ಟು ದೂರ ಬಿಳಿಯ ನೊರೆ. ಇಬ್ಬರೂ ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ ಮಡದಿ, "ದಡ ಕಾಣುತ್ತಿಲ್ಲ" ಎಂದಳು. ಅಷ್ಟೇ.

ಓದುಗ ಬಂಧುಗಳಲ್ಲಿ ಅನೇಕರು ಈಗ ಮಕ್ಕಳೊಡನೆ ಇಂಥ ವಿಹಾರಗಳಿಗೆ ಹೋಗುತ್ತಿರುವಿರಿ. ಹೊರಡುವ ಮುನ್ನ ಹಡಗಿನವರ ಅಂದಿನ ನಿಯಮವನ್ನು ಕೇಳಿ ತಿಳಿಯಿರಿ. ಹಿರಿಯರ ಔಷಧಿಗಳನ್ನೂ ವೈದ್ಯರ ಚೀಟಿಯನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ರದ್ದಾದರೆ ಹಣ ಎಷ್ಟು ಮರಳುತ್ತದೆಂದು ಮೊದಲೇ ಓದಿರಿ. ಆರೋಗ್ಯದ ನಮೂನೆಯಲ್ಲಿ ಜ್ವರ, ಕೆಮ್ಮು, ವಾಂತಿ-ಭೇದಿ ಇದೆಯೇ ಎಂದು ಕೇಳಿರುತ್ತಾರೆ. ಕೋವಿಡ್ ಮಾತ್ರವಲ್ಲ, ಹೊಟ್ಟೆಯ ಸೋಂಕುಗಳೂ ಹಡಗಿನಲ್ಲಿ ಬೇಗ ಹರಡುತ್ತವೆ. ಅಲ್ಲಿ ಗುರುತು ಹಾಕುವ ಕೈ ನಮ್ಮದೇ. ನೋಡುವವರು ಯಾರೂ ಇರುವುದಿಲ್ಲ.

ರಾಜೀವನಗರಕ್ಕೆ ಮರಳಿದ ಸಂಜೆ ಗೋಡಂಬಿಯ ಪೊಟ್ಟಣ ಹಿಡಿದು ಸಾಹೇಬರ ಮನೆಗೆ ಹೋದೆ. ಎಂಬತ್ತು ವರ್ಷದ ಅವರಿಗೆ ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ.

"ಪರೀಕ್ಷೆ ಮಾಡಿದರೇನು?" ಎಂದು ಕೇಳಿದರು.

"ಇಲ್ಲ ಸಾಹೇಬ್ರೇ, ಈಗ ಯಾರೂ ಕೇಳುವುದಿಲ್ಲ."

"ಗಂಟಲು?"

"ಚೆನ್ನಾಗಿದೆ" ಎಂದೆ. ಅವರು ನಕ್ಕು, ಪಕ್ಕದ ಕುರ್ಚಿಯನ್ನು ಕೈಯಿಂದ ತಡವಿ ತೋರಿಸಿ, ಚಹಾಕ್ಕೆ ಹೇಳಿದರು.